ಹಿಟ್ಟು ಬೇಗ ಹುಳಿಯುತ್ತಿದೆ, ರಾತ್ರಿ ತಣಿಯುತ್ತಿಲ್ಲ

1901ರಿಂದ ಇಟ್ಟುಕೊಂಡು ಬಂದ ದಾಖಲೆಯಲ್ಲಿ ನಮ್ಮ ದೇಶ ಕಂಡ ಅತಿ ಬಿಸಿ ವರ್ಷ 2024 ಎಂದು ಭಾರತೀಯ ಹವಾಮಾನ ಇಲಾಖೆ 2025ರ ಹೊಸ ವರ್ಷದ ದಿನವೇ ಹೇಳಿತು. ಸರಾಸರಿ ಉಷ್ಣಾಂಶ ವಾಡಿಕೆಗಿಂತ 0.65 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತು. ಹೆಚ್ಚು ಚರ್ಚೆಯಾದದ್ದು ಈ ಅಂಕಿ. ಅದೇ ಲೆಕ್ಕದಲ್ಲಿ ಇನ್ನೆರಡು ಅಂಕಿಗಳಿದ್ದವು. ಹಗಲಿನ ಗರಿಷ್ಠ ಉಷ್ಣಾಂಶದ ಸರಾಸರಿ ಏರಿದ್ದು 0.20 ಡಿಗ್ರಿ, ರಾತ್ರಿಯ ಕನಿಷ್ಠ ಉಷ್ಣಾಂಶದ ಸರಾಸರಿ ಏರಿದ್ದು 0.90 ಡಿಗ್ರಿ. ಹಗಲು ಏರಿದ್ದಕ್ಕಿಂತ ನಾಲ್ಕು ಪಟ್ಟಿಗೂ ಮಿಕ್ಕಿ ರಾತ್ರಿ ಕಾವೇರಿತ್ತು.

ನಮ್ಮನ್ನು ಹೆಚ್ಚು ಕಾಡಬೇಕಾದದ್ದು ಈ ರಾತ್ರಿಯ ಅಂಕಿ. ಬಿಸಿಲಿನ ಬಗ್ಗೆ ಸಿಕಂದರಾಬಾದಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಲ್ಲಿನ ಬೇಗಂಪೇಟೆಯ ವೀಕ್ಷಣಾಲಯ 1966ರ ಜೂನ್ 2ರಂದು 45.5 ಡಿಗ್ರಿ ದಾಖಲಿಸಿದೆ. ಅಂಥ ಬೇಸಿಗೆಗಳನ್ನು ಈ ಊರು ತಾಳಿಕೊಂಡದ್ದು ರಾತ್ರಿಯ ಬಲದಿಂದ. ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮೇಲೆ, ದಖ್ಖನ್ ಪ್ರಸ್ಥಭೂಮಿಯ ಒಣಗಾಳಿಯಲ್ಲಿ ನಿಂತ ಊರಿದು. ಹಗಲು ಕಾದ ಬಂಡೆ, ಗೋಡೆ, ತಾರಸಿಗಳು ಸಂಜೆಯಾದ ಮೇಲೆ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬೆಳಗಿನ ಜಾವಕ್ಕೆ ತಣ್ಣಗಾಗುತ್ತಿದ್ದವು. ಆ ತಂಪಿನಲ್ಲೇ ಜನ ಮಾಳಿಗೆಯ ಮೇಲೆ ಮಲಗಿ ಮರುದಿನದ ದುಡಿಮೆಗೆ ಮೈ ಹಗುರ ಮಾಡಿಕೊಳ್ಳುತ್ತಿದ್ದರು. ಅದೇ ತಂಪಿನಲ್ಲಿ ಅಡುಗೆಮನೆಯ ಹಿಟ್ಟೂ ಹದವಾಗಿ ಉಬ್ಬುತ್ತಿತ್ತು. ಈಗ ಎರಡಕ್ಕೂ ಒಟ್ಟಿಗೆ ಕುತ್ತು ಬಂದಿದೆ.

ಮನೆಯಲ್ಲಿ ಹುದುಗು ಹಾಕುವವರ ಬಗ್ಗೆ ಈ ಸಂಪಾದಕೀಯ. ಇಡ್ಲಿ ಹಿಟ್ಟು ರುಬ್ಬುವವರು, ಮೊಸರಿಗೆ ಹೆಪ್ಪು ಹಾಕುವವರು, ಜೋಳದ ಅಂಬಲಿ ಮಾಡುವವರು, ಆವಕಾಯದ ಜಾಡಿ ತುಂಬುವವರು, ಹವ್ಯಾಸಕ್ಕೆಂದು ಶುಂಠಿಯ ಪಾನೀಯ, ಕೊಂಬುಚಾ ಎಂಬ ಹುದುಗಿಸಿದ ಚಹಾ ಮಾಡಲು ಹೊರಟ ಯುವಕ ಯುವತಿಯರು, ಎಲ್ಲರೂ ಇದರಲ್ಲಿ ಸೇರಿದ್ದಾರೆ. ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ತೆಲಂಗಾಣದ ಅಬಕಾರಿ ಕಾನೂನಿನ ಪ್ರಕಾರ ಅಪರಾಧ. ಬಿಯರ್ ಮಾಡುವ ಹುಮ್ಮಸ್ಸಿನಲ್ಲಿರುವವರು ಅದನ್ನು ಮೊದಲೇ ತಿಳಿದಿರಬೇಕು. ಆದರೆ ಮದ್ಯವಿರಲಿ, ಮೊಸರಿರಲಿ, ಒಳಗೆ ಕೆಲಸ ಮಾಡುವ ಜೀವಿಗಳು ಬಗ್ಗುವುದು ಒಂದೇ ನಿಯಮಕ್ಕೆ. ಸುತ್ತಲಿನ ಉಷ್ಣಾಂಶ ಏರಿದಂತೆ ಅವುಗಳ ಓಟ ಏರುತ್ತದೆ. ಒಂದು ಮಿತಿಯವರೆಗೆ, ಹತ್ತು ಡಿಗ್ರಿ ಏರಿದರೆ ಓಟ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಅಕ್ಕಿ, ಉದ್ದಿನ ಹಿಟ್ಟಿನಲ್ಲಿ ಮೊದಲು ಕೆಲಸಕ್ಕೆ ಇಳಿಯುವ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದದ್ದು ಲ್ಯುಕೊನೊಸ್ಟಾಕ್ ಮೆಸೆಂಟರಾಯ್ಡಿಸ್. ಹೊರಗಿನಿಂದ ಹೆಪ್ಪು ಹಾಕಬೇಕಾಗಿಲ್ಲ, ಅದು ಉದ್ದಿನಬೇಳೆಯ ಮೇಲೇ ಇರುತ್ತದೆ. ಅದು ಬಿಡುವ ಅನಿಲ ಹಿಟ್ಟನ್ನು ಉಬ್ಬಿಸುತ್ತದೆ, ಅದು ಮಾಡುವ ಆಮ್ಲ ಹುಳಿ ಕೊಡುತ್ತದೆ. ಉಬ್ಬುವುದೂ ಹುಳಿಯುವುದೂ ಜೊತೆಜೊತೆಗೆ ಸಾಗಿದರೆ ಇಡ್ಲಿ ಮೆತ್ತಗೆ. ಮೂವತ್ತು ಡಿಗ್ರಿಯ ಆಸುಪಾಸಿನಲ್ಲಿ ಇದಕ್ಕೆ ಎಂಟರಿಂದ ಹನ್ನೆರಡು ಗಂಟೆ ಬೇಕು, ಅಂದರೆ ಒಂದು ರಾತ್ರಿ. ಸಂಜೆ ರುಬ್ಬಿ, ಬೆಳಿಗ್ಗೆ ಹಬೆಗಿಡುವ ಪದ್ಧತಿ ನಿಂತಿರುವುದು ರಾತ್ರಿಯ ಉದ್ದ ಮತ್ತು ರಾತ್ರಿಯ ತಂಪು ಎರಡನ್ನೂ ನಂಬಿ. ರಾತ್ರಿ ಹತ್ತಕ್ಕೂ ಅಡುಗೆಮನೆಯ ಗೋಡೆ ಬಿಸಿ ಉಗುಳುತ್ತಿದ್ದರೆ ಹಿಟ್ಟು ನಡುರಾತ್ರಿಗೇ ಉಬ್ಬಿ, ಬೆಳಗಾಗುವ ಹೊತ್ತಿಗೆ ಕುಸಿದು, ಹುಳಿ ಮೀರಿರುತ್ತದೆ.

ಇದಕ್ಕೆ ನಮ್ಮ ಹಿರಿಯರಲ್ಲಿ ಉಪಾಯಗಳಿದ್ದವು, ಇನ್ನೂ ಇವೆ. ಬೇಸಿಗೆಯಲ್ಲಿ ತಡವಾಗಿ ರುಬ್ಬುವುದು, ತಣ್ಣೀರು ಹಾಕಿ ರುಬ್ಬುವುದು, ಉಪ್ಪನ್ನು ರಾತ್ರಿಯೇ ಬೆರೆಸಿ ಹುಳಿಯನ್ನು ಸ್ವಲ್ಪ ಹಿಡಿಯುವುದು, ಮೆಂತ್ಯ ಕಡಿಮೆ ಮಾಡುವುದು, ಪಾತ್ರೆಯನ್ನು ನೀರಿನ ತಟ್ಟೆಯಲ್ಲಿಡುವುದು. ಚಳಿಗಾಲಕ್ಕೆ ಇದರ ತಿರುವುಮುರುವು. ಋತುವಿಗೆ ತಕ್ಕಂತೆ ಕೈ ಬದಲಿಸುವ ಈ ಜಾಣ್ಮೆ ತಲೆಮಾರುಗಳಿಂದ ಬಂದ ಹವಾಮಾನ ಜ್ಞಾನ. ಆದರೆ ಪ್ರತಿ ಉಪಾಯಕ್ಕೂ ಒಂದು ಎಲ್ಲೆಯಿದೆ. ನಲ್ಲಿಯ ನೀರೇ ಬೆಚ್ಚಗೆ ಬರುವಾಗ ತಣ್ಣೀರು ಹಾಕುವುದೆಲ್ಲಿಂದ? ಮೇ ತಿಂಗಳ ಇಳಿಹೊತ್ತಿನಲ್ಲಿ ತಾರಸಿಯ ಮೇಲಿನ ಕರಿ ಪ್ಲಾಸ್ಟಿಕ್ ತೊಟ್ಟಿಯ ನೀರು ಕೈ ಸುಡುತ್ತದೆ. ರಾತ್ರಿ ಊಟದ ಹೊತ್ತಿಗೂ ಅದು ಆರಿರುವುದಿಲ್ಲ. ಉಪಾಯಗಳು ಮುಗಿಯುತ್ತಾ ಬಂದಿವೆ ಎನ್ನುವುದೇ ನಾವು ಗಮನಿಸಬೇಕಾದ ಮೊದಲ ಸೂಚನೆ.

ಎರಡನೆಯ ಸೂಚನೆ ಹುಸೇನ್ ಸಾಗರದ ದಡದಲ್ಲಿದೆ. ತೆಲಂಗಾಣ ಸರ್ಕಾರ 2023ರ ಮೇ ತಿಂಗಳಲ್ಲಿ ನೆಕ್ಲೆಸ್ ರಸ್ತೆಯಲ್ಲಿ ನೀರಾ ಕೆಫೆ ತೆರೆಯಿತು. ನೀರಾ ಎಂದರೆ ತಾಳೆ, ಈಚಲು ಮರಗಳಿಂದ ಇಳಿಸಿದ, ಇನ್ನೂ ಹುದುಗದ ಸಿಹಿ ರಸ. ರಾತ್ರಿ ಮರಕ್ಕೆ ಮಡಕೆ ಕಟ್ಟಿ ಸೂರ್ಯ ಮೇಲೇರುವ ಮುನ್ನ ಇಳಿಸಿದರೆ ಅದು ನೀರಾ. ಬಿಸಿಲು ತಾಗಿ ಕೆಲವೇ ಗಂಟೆ ಕಳೆದರೆ ಅದೇ ರಸ ಕಳ್ಳು. ಎರಡರ ನಡುವಿನ ಗೆರೆ ಎಳೆಯುವುದು ಬೆಳಗಿನ ಜಾವದ ತಂಪು. ಇಂದು ಊರಿನೊಳಗೆ ನೀರಾ ಕುಡಿಸಬೇಕೆಂದರೆ ಮರದಿಂದ ಲೋಟದವರೆಗೂ ಶೀತಲ ಪೆಟ್ಟಿಗೆಯಲ್ಲಿ ಸಾಗಿಸಬೇಕು. ರಾತ್ರಿ ಇನ್ನಷ್ಟು ಬಿಸಿಯಾದರೆ ಆ ಪೆಟ್ಟಿಗೆಯನ್ನು ಮರದ ಬುಡಕ್ಕೇ ಒಯ್ಯಬೇಕಾದೀತು. ಮರ ಏರುವ ಗೌಡ ಸಮುದಾಯದ ಕುಟುಂಬಗಳಲ್ಲಿ ಎಷ್ಟು ಜನರಿಗೆ ಆ ಖರ್ಚು ತಡೆದೀತು?

ಮೂರನೆಯ ಸೂಚನೆ ದ್ರಾಕ್ಷಿಯದು, ಅದರ ಕಥೆ ಶುರುವಾಗುವುದು ರೈಲಿನಿಂದ. ಸಿಕಂದರಾಬಾದ್ ರೈಲಿನಿಂದ ಬೆಳೆದ ಊರು. ನಿಜಾಮರ ಹಣದಿಂದ ಕಟ್ಟಿದ ಮಾರ್ಗ 1874ರಲ್ಲಿ ಈ ಊರನ್ನು ನಮ್ಮ ಕಲಬುರಗಿ ಜಿಲ್ಲೆಯ ವಾಡಿಗೆ ಜೋಡಿಸಿತು. ರೈಲಿನ ಜೊತೆ ಆಂಗ್ಲೋ ಇಂಡಿಯನ್ ಕುಟುಂಬಗಳು ಲಾಲಾಗುಡ, ಮೆಟ್ಟುಗುಡಗಳಲ್ಲಿ ನೆಲೆಯಾದವು. ಕ್ರಿಸ್‌ಮಸ್ಸಿಗೆ ಕೇಕ್, ಕುಲ್‌ಕುಲ್ ಜೊತೆ ದ್ರಾಕ್ಷಿ, ಶುಂಠಿಯ ಮನೆವೈನಿನ ರೂಢಿಯೂ ಈ ಸಮುದಾಯದ್ದು. ಹುದುಗಿಗೆ ಡಿಸೆಂಬರ್‌ಗಿಂತ ಒಳ್ಳೆಯ ಕಾಲವಿರಲಿಲ್ಲ. ಕಳೆದ ಶತಮಾನದಲ್ಲಿ ಹೈದರಾಬಾದಿನ ಸುತ್ತ ಅನಾಬ್-ಎ-ಶಾಹಿ ದ್ರಾಕ್ಷಿಯ ತೋಟಗಳೇ ಇದ್ದವು; ರಾಜೇಂದ್ರನಗರದಲ್ಲಿ ದ್ರಾಕ್ಷಿ ಸಂಶೋಧನಾ ಕೇಂದ್ರ ಇಂದಿಗೂ ಇದೆ. ತೋಟಗಳಲ್ಲಿ ಬಹುಪಾಲು ಬಡಾವಣೆಗಳಾದವು. ವೈನಿಗೂ ರಸಕ್ಕೂ ಹೇಳಿದ ಕಪ್ಪು ಹಣ್ಣು ಬೆಂಗಳೂರು ನೀಲಿ ಬೆಳೆಯುವುದು ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ. ಭೌಗೋಳಿಕ ಸೂಚ್ಯಂಕ ಪಡೆದ ಆ ಹಣ್ಣಿಗೂ ಅಕಾಲದ ಮಳೆ, ಆಲಿಕಲ್ಲಿನ ಭಯ. ಮನೆಯ ಹವ್ಯಾಸ ಮನೆಯಲ್ಲೇ ಮುಗಿಯುವುದಿಲ್ಲ. ಅದರ ಬೇರು ಯಾವುದೋ ಜಿಲ್ಲೆಯ ರೈತನ ಹೊಲದಲ್ಲಿರುತ್ತದೆ.

ಮಾವಿನ ಕಥೆಯೂ ಹಾಗೆಯೇ. ಏಪ್ರಿಲ್ ಕೊನೆಗೆ ಮೋಂಡಾ ಮಾರುಕಟ್ಟೆಯಲ್ಲಿ ಆವಕಾಯದ ಹುಳಿಮಾವು ರಾಶಿ ಬೀಳುತ್ತದೆ. ಕೊಂಡ ಕಾಯನ್ನು ಅಲ್ಲೇ ಓಟೆ ಸಮೇತ ಹೋಳು ಮಾಡಿಸಿಕೊಂಡು ಬಂದು, ಒರೆಸಿ, ಸಾಸಿವೆಪುಡಿ, ಖಾರ, ಉಪ್ಪು, ಎಳ್ಳೆಣ್ಣೆ ಬೆರೆಸಿ ಜಾಡಿಗೆ ತುಂಬಿದರೆ ವರ್ಷದ ಉಪ್ಪಿನಕಾಯಿ. ಮಾವು ಹೂ ಬಿಡಲು ಚಳಿಗಾಲದ ತಂಪು ರಾತ್ರಿಗಳು ಬೇಕು. ಚಳಿ ಸರಿಯಾಗಿ ಬೀಳದಿದ್ದರೆ ಹೂ ತಡವಾಗುತ್ತದೆ ಇಲ್ಲವೇ ಅಲ್ಲೊಂದು ಇಲ್ಲೊಂದು ಬರುತ್ತದೆ. ಹೂ ಬಂದ ಮೇಲೆ ಮಾರ್ಚ್, ಏಪ್ರಿಲ್‌ನ ಗಾಳಿಮಳೆ, ಆಲಿಕಲ್ಲು ಬಿದ್ದರೆ ಕಾಯಿ ನೆಲಕ್ಕೆ. ಹೋಳಿನಲ್ಲಿ ತೇವ ಉಳಿದರೆ ಜಾಡಿಯಲ್ಲಿ ಬೂಷ್ಟು. ಹೀಗೆ ಒಂದು ಜಾಡಿ ಉಪ್ಪಿನಕಾಯಿ ಕೆಡದೆ ನಿಲ್ಲಬೇಕಾದರೆ ಡಿಸೆಂಬರಿನ ರಾತ್ರಿ, ಮಾರ್ಚ್‌ನ ಆಕಾಶ, ಮೇ ತಿಂಗಳ ಒಣಬಿಸಿಲು ಮೂರೂ ಸಾಲಾಗಿ ಒಪ್ಪಬೇಕು.

ನಮ್ಮ ಊರಿನ ಈ ಅನುಭವಕ್ಕೆ ಜಗತ್ತಿನ ಬೇರೆಡೆಯೂ ಸಾಕ್ಷಿಯಿದೆ. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಕ್ಯಾಂಟಿಯಾನ್ ಎಂಬ ಕುಟುಂಬದ ಬಿಯರ್ ಮನೆ 1900ರಿಂದ ನಡೆಯುತ್ತಿದೆ. ಅವರು ಹೊರಗಿನ ಯೀಸ್ಟ್ ಹಾಕುವುದಿಲ್ಲ. ಕುದಿಸಿದ ಬಾರ್ಲಿ ರಸವನ್ನು ಅಗಲವಾದ ತಾಮ್ರದ ಬಾಣಲೆಯಲ್ಲಿ ಹರಡಿ, ಕಿಟಕಿ ತೆರೆದು, ರಾತ್ರಿಯ ಚಳಿಗಾಳಿಯಲ್ಲಿ ಆರಲು ಬಿಡುತ್ತಾರೆ. ಗಾಳಿಯಲ್ಲಿ ತೇಲಿಬರುವ ಯೀಸ್ಟ್‌ಗಳೇ ಹುದುಗು ಹಾಕುತ್ತವೆ. ರಾತ್ರಿ ಬೆಚ್ಚಗಿದ್ದರೆ ರಸ ತಡವಾಗಿ ಆರುತ್ತದೆ, ಬೇಡದ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತವೆ. 2015ರ ನವೆಂಬರ್‌ನಲ್ಲಿ ರಾತ್ರಿಗಳು ತಣಿಯದೆ ಅವರು ಕೆಲಸ ನಿಲ್ಲಿಸಬೇಕಾಯಿತು, ಮಾಡಿದ್ದರಲ್ಲಿ ಕೆಲವನ್ನು ಚೆಲ್ಲಬೇಕಾಯಿತು. ಅಲ್ಲಿ ಆಗಿದ್ದೂ ಇಲ್ಲಿ ಆಗುತ್ತಿರುವುದೂ ಒಂದೇ: ರಾತ್ರಿ ತನ್ನ ಕೆಲಸವನ್ನು ಬಿಡುತ್ತಿದೆ.

ಕಚ್ಚಾವಸ್ತುಗಳ ಕಡೆಯೂ ಲಕ್ಷಣ ಚೆನ್ನಾಗಿಲ್ಲ. ತೀವ್ರ ಬರ ಮತ್ತು ಬಿಸಿ ಒಟ್ಟಿಗೆ ಬಂದ ವರ್ಷಗಳಲ್ಲಿ ಜಗತ್ತಿನ ಬಾರ್ಲಿ ಇಳುವರಿ ಸರಾಸರಿ ಶೇ. 3ರಿಂದ 17ರಷ್ಟು ಕುಸಿಯಬಹುದೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಇಳುವರಿ ಯುರೋಪಿನಲ್ಲಿ 2050ರ ಹೊತ್ತಿಗೆ ಶೇ. 4ರಿಂದ 18ರಷ್ಟು, ಅದರ ಕಹಿಯಂಶ ಶೇ. 20ರಿಂದ 31ರಷ್ಟು ಇಳಿಯಬಹುದೆಂದು 2023ರ ಇನ್ನೊಂದು ಅಧ್ಯಯನ ಹೇಳಿತು. ಬಿಯರ್ ದುಬಾರಿಯಾದರೆ ನಮಗೇನು ಎನ್ನಬಹುದು. ಬಾರ್ಲಿಯನ್ನು ಬಾಡಿಸುವ ಬಿಸಿ ಉದ್ದು, ತೊಗರಿ, ಜೋಳದ ಹೊಲಗಳ ಮೇಲೂ ಬೀಳುತ್ತದೆ.

ಇನ್ನು ನಮ್ಮ ಮನೆಯೊಳಗಿನ ಪರಿಹಾರದ ಮಾತು. ಹಿಟ್ಟು ಹುಳಿದರೆ ಫ್ರಿಜ್ಜಿಗಿಡು, ಕೋಣೆ ಕಾದರೆ ಏಸಿ ಹಾಕು: ಸುಲಭವಾಗಿ ತೋಚುವ ದಾರಿ ಇದೇ. ಯಂತ್ರದಿಂದ ತಂಪು ತೆಗೆಯುವ ವಿದ್ಯೆ ಬೆಳೆದದ್ದೂ ಹುದುಗಿನ ಮನೆಯಲ್ಲೇ. ಜರ್ಮನಿಯ ಕಾರ್ಲ್ ಫಾನ್ ಲಿಂಡೆ 1870ರ ದಶಕದಲ್ಲಿ ತನ್ನ ಶೀತಲ ಯಂತ್ರವನ್ನು ರೂಪಿಸಿದ್ದು ಮ್ಯೂನಿಕ್‌ನ ಬಿಯರ್ ತಯಾರಕರಿಗಾಗಿ. ಬೇಸಿಗೆಯಲ್ಲೂ ಬಿಯರ್ ಹುದುಗಿಸಲು ಅವರಿಗೆ ಚಳಿ ಬೇಕಿತ್ತು. ಇಂದು ನಮ್ಮ ಮನೆಮನೆಯ ಫ್ರಿಜ್, ಏಸಿಗಳು ಆ ಕೆಲಸದ ಮುಂದುವರಿಕೆ. ಈ ಯಂತ್ರಗಳು ಶಾಖವನ್ನು ನಾಶ ಮಾಡುವುದಿಲ್ಲ. ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುತ್ತವೆ, ತಾವು ಉಂಡ ವಿದ್ಯುತ್ತಿನ ಶಾಖವನ್ನೂ ಅದಕ್ಕೆ ಸೇರಿಸುತ್ತವೆ. ಅಮೆರಿಕದ ಫೀನಿಕ್ಸ್ ನಗರದಲ್ಲಿ ಏಸಿಗಳು ಹೊರಹಾಕುವ ಬಿಸಿಯಿಂದಲೇ ಕೆಲವು ಕಡೆ ರಾತ್ರಿಯ ಉಷ್ಣಾಂಶ ಒಂದು ಡಿಗ್ರಿಗೂ ಹೆಚ್ಚು ಏರುತ್ತದೆಂದು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ತೋರಿಸಿದರು.

ಹೀಗಿರುವಾಗ ಮಾರೇಡ್‌ಪಲ್ಲಿಯ ಅಪಾರ್ಟ್‌ಮೆಂಟಿನ ಏಸಿ ಉಗುಳುವ ಬಿಸಿ ಯಾರ ರಾತ್ರಿಯನ್ನು ಕೆಡಿಸುತ್ತದೆ? ಪಕ್ಕದ ಬಸ್ತಿಯ ತಗಡಿನ ಸೂರಿನ ಕೆಳಗೆ ಮಲಗುವವರದನ್ನು. ರೈಲು ನಿಲ್ದಾಣದ ಸುತ್ತ ನಸುಕಿಗೇ ಬಂಡಿ ಹಚ್ಚುವ ಇಡ್ಲಿ ವ್ಯಾಪಾರಿಗಳನ್ನು ನೆನೆಸಿಕೊಳ್ಳಿ. ಬಂಡಿಯವರು ರುಬ್ಬುವುದು ಒಂದು ಮನೆಗಲ್ಲ, ನೂರಾರು ಗಿರಾಕಿಗಳಿಗೆ. ಒಂದು ಕೊಳಗ ಹಿಟ್ಟು ಕೆಟ್ಟರೆ ಆ ದಿನದ ಗಳಿಕೆಯೇ ಹೋಯಿತು. ಅಷ್ಟು ದೊಡ್ಡ ಪಾತ್ರೆ ಹಿಡಿಸುವ ಫ್ರಿಜ್ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಕೊಂಡರೆ ವಿದ್ಯುತ್ ಬಿಲ್ಲು ಲಾಭವನ್ನು ತಿನ್ನುತ್ತದೆ. ನಿದ್ದೆಗೆಟ್ಟ ಮೈಯಲ್ಲಿ ಇಡೀ ದಿನ ಒಲೆಯ ಮುಂದೆ ನಿಲ್ಲುವವರೂ ಇವರೇ. ಹವ್ಯಾಸಿಗೆ ಬೇಸರ ತರುವ ಸಂಗತಿ ಈ ಕುಟುಂಬಗಳಿಗೆ ಹೊಟ್ಟೆಯ ಪ್ರಶ್ನೆ.

ಬಿಸಿರಾತ್ರಿ ಜೀವಕ್ಕೂ ಅಪಾಯ. ಹಗಲು ಕಾದ ದೇಹ ರಾತ್ರಿ ತಣಿಯದಿದ್ದರೆ ಹೃದಯಕ್ಕೆ ಬಿಡುವಿಲ್ಲ. ಮುದುಕರು, ಹಸುಗೂಸುಗಳು, ಬಸುರಿಯರು, ಕಟ್ಟಡ ಕಾರ್ಮಿಕರು ಮೊದಲು ಕುಸಿಯುತ್ತಾರೆ. 2015ರ ಬೇಸಿಗೆಯಲ್ಲಿ ದೇಶದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಬಿಸಿಗಾಳಿಗೆ ಸತ್ತರು. ಅವರಲ್ಲಿ ಬಹುಪಾಲು ಆಂಧ್ರಪ್ರದೇಶ ಮತ್ತು ತೆಲಂಗಾಣದವರು. ಹತ್ತು ವರ್ಷದ ನಂತರ, 2025ರ ಏಪ್ರಿಲ್‌ನಲ್ಲಿ, ತೆಲಂಗಾಣ ಬಿಸಿಗಾಳಿಯನ್ನು ರಾಜ್ಯದ ವಿಪತ್ತೆಂದು ಘೋಷಿಸಿ ಮೃತರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಒಳ್ಳೆಯ ನಿರ್ಧಾರ. ಆದರೆ ಪರಿಹಾರ ಬರುವುದು ಜೀವ ಹೋದ ಮೇಲೆ.

ಅಡುಗೆಮನೆಯ ಮಟ್ಟದಲ್ಲೂ ಕೆಲವು ಅಪಾಯಗಳನ್ನು ಬಿಡಿಸಿ ಹೇಳಬೇಕು. ಹುಳಿ ಹೆಚ್ಚಾದ ಹಿಟ್ಟು ರುಚಿಗೆ ಕೆಟ್ಟದ್ದು, ಸಾಮಾನ್ಯವಾಗಿ ಆರೋಗ್ಯಕ್ಕಲ್ಲ. ಆಮ್ಲವೇ ಅದನ್ನು ಕಾಯುತ್ತದೆ. ಅನ್ನದ ಮಾತು ಬೇರೆ. ಬೇಯಿಸಿದ ಅನ್ನವನ್ನು ಬಿಸಿ ಕೋಣೆಯಲ್ಲಿ ಹಾಗೇ ಬಿಟ್ಟರೆ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾ ವಿಷ ಕಟ್ಟುತ್ತದೆ, ಮತ್ತೆ ಕಾಯಿಸಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ತಂಗಳನ್ನ ತಿನ್ನುವವರು ಅನ್ನವನ್ನು ಬೇಗ ಆರಿಸಿ ಮಜ್ಜಿಗೆಯಲ್ಲಿ ನೆನೆಹಾಕುವ ಹಳೆಯ ಕ್ರಮವನ್ನು ಬಿಡಬಾರದು. ಉಪ್ಪಿನಕಾಯಿಗೆ ಉಪ್ಪು, ಎಣ್ಣೆ ಕಡಿತ ಮಾಡುವ ಹೊಸ ರೂಢಿ ಬಿಸಿ ಕೋಣೆಯಲ್ಲಿ ನಡೆಯುವುದಿಲ್ಲ. ಶುಂಠಿ ಪಾನೀಯ, ಕೊಂಬುಚಾ ಮಾಡುವವರು ಬಿರಡೆ ಬಿಗಿದ ಗಾಜಿನ ಬಾಟಲಿಯನ್ನು ಬೇಸಿಗೆಯಲ್ಲಿ ಹೊರಗಿಡಬಾರದು. ಒಳಗೆ ಅನಿಲ ತುಂಬಿ ಬಾಟಲಿ ಸಿಡಿದರೆ ಕಣ್ಣೇ ಹೋದೀತು.

ಈ ಹವ್ಯಾಸ ಪರಿಸರಕ್ಕೆ ಭಾರವೇ ಎಂದು ಕೇಳುವವರಿದ್ದಾರೆ. ಹುದುಗುವಾಗ ಏಳುವ ಗುಳ್ಳೆಗಳ ಬಗ್ಗೆ ಚಿಂತೆ ಬೇಡ. ಒಂದು ಕಿಲೋ ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದರೆ ಸುಮಾರು ಅರ್ಧ ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ ನಿಜ. ಅದು ಕಬ್ಬು ಬೆಳೆಯುವಾಗ ಗಾಳಿಯಿಂದಲೇ ಹೀರಿಕೊಂಡದ್ದು. ಭಾರ ಇರುವುದು ಕುದಿಸುವ ಗ್ಯಾಸಿನಲ್ಲಿ, ತಣಿಸುವ ವಿದ್ಯುತ್ತಿನಲ್ಲಿ, ತೊಳೆಯುವ ಮತ್ತು ಆರಿಸುವ ನೀರಿನಲ್ಲಿ. ಹುದುಗಿಗೆಂದು ಕುದಿಸಿದ ಬಿಸಿ ರಸವನ್ನು ನಲ್ಲಿ ನೀರು ಹರಿಸಿ ಆರಿಸುವವರು ರಸಕ್ಕಿಂತ ಹೆಚ್ಚು ನೀರನ್ನು ಮೋರಿಗೆ ಬಿಡುತ್ತಾರೆ. ನೀರೇ ಬೆಚ್ಚಗಿದ್ದರೆ ರಸ ಅದಕ್ಕಿಂತ ಕೆಳಗೆ ಆರುವುದೂ ಇಲ್ಲ, ನೀರು ಮಾತ್ರ ಹೋಗುತ್ತಲೇ ಇರುತ್ತದೆ.

ಆ ನೀರು ಎಲ್ಲಿಯದು ಎಂಬುದನ್ನೂ ಈ ಊರು ಮರೆಯಬಾರದು. 1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹದ ನಂತರ ಕಟ್ಟಿದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಒಂದು ಕಾಲಕ್ಕೆ ಹೈದರಾಬಾದ್, ಸಿಕಂದರಾಬಾದ್ ಅವಳಿ ನಗರದ ದಾಹಕ್ಕೆ ಸಾಕಾಗುತ್ತಿದ್ದವು. ಊರು ಬೆಳೆದಂತೆ ಮಂಜೀರಾ, ಆಮೇಲೆ ಕೃಷ್ಣಾ, ಈಗ ಗೋದಾವರಿ. ಕೃಷ್ಣೆ, ಗೋದಾವರಿಯರ ನೀರು ನೂರು ಕಿಲೋಮೀಟರಿಗೂ ದೂರದಿಂದ, ಪಂಪುಗಳಿಂದ ಎತ್ತಿ ಎತ್ತಿ ಬರುತ್ತದೆ. ಪ್ರತಿ ಕೊಡದಲ್ಲೂ ವಿದ್ಯುತ್ತು ತುಂಬಿದೆ. 2019ರಲ್ಲಿ ಚೆನ್ನೈ, 2024ರಲ್ಲಿ ನಮ್ಮ ಬೆಂಗಳೂರು ನೀರಿಗೆ ಪಟ್ಟ ಪಾಡನ್ನು ಕಂಡ ಮೇಲೂ ನಲ್ಲಿ ತಿರುಗಿಸಿಟ್ಟು ರಸ ಆರಿಸುವುದು ತರವಲ್ಲ. ರಸ ಆರಿಸಲು ಬಳಸಿದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಬಟ್ಟೆಗೆ, ಗಿಡಕ್ಕೆ ಬಳಸಬಹುದು. ಮಣ್ಣಿನ ಮಡಕೆಗೆ ಒದ್ದೆಬಟ್ಟೆ ಸುತ್ತಿ ಗಾಳಿಯಾಡುವ ಕಡೆ ಇಟ್ಟರೆ ಈ ಊರಿನ ಒಣಬೇಸಿಗೆಯಲ್ಲಿ ಒಳಗಿನ ಪಾತ್ರೆ ಹಲವು ಡಿಗ್ರಿ ತಣ್ಣಗಿರುತ್ತದೆ. ಹೊಸ ಫ್ರಿಜ್ ಕೊಳ್ಳುವವರು ಆರ್-600ಎ ಅನಿಲದ್ದನ್ನು ಆರಿಸಲಿ. ಹಳೆಯ ಅನಿಲಗಳಿಗೆ ಹೋಲಿಸಿದರೆ ಭೂಮಿಯನ್ನು ಕಾಯಿಸುವ ಅದರ ಗುಣ ತೀರಾ ಕಡಿಮೆ. ಏಸಿಯನ್ನು 24 ಡಿಗ್ರಿಗಿಂತ ಕೆಳಗಿಳಿಸದಿದ್ದರೆ ಬಿಲ್ಲೂ ತಗ್ಗುತ್ತದೆ, ಬೀದಿಗೆ ಬೀಳುವ ಬಿಸಿಯೂ ತಗ್ಗುತ್ತದೆ.

ಹವ್ಯಾಸಿಗಳಿಂದ ನಾವು ಕೇಳುವ ದೊಡ್ಡ ಸಹಾಯ ಇನ್ನೊಂದಿದೆ: ಬರೆದಿಡಿ. ಯಾವ ತಾರೀಕು, ಎಷ್ಟು ಗಂಟೆಗೆ ರುಬ್ಬಿದಿರಿ, ಮಲಗುವಾಗ ಅಡುಗೆಮನೆಯ ಉಷ್ಣಾಂಶ ಎಷ್ಟಿತ್ತು, ಎದ್ದಾಗ ಎಷ್ಟಿತ್ತು, ಹಿಟ್ಟು ಎಷ್ಟು ಹೊತ್ತಿಗೆ ಉಬ್ಬಿತು. ಒಂದು ಸಾದಾ ಥರ್ಮಾಮೀಟರ್, ಒಂದು ನೋಟ್‌ಬುಕ್ ಸಾಕು. ಫ್ರಾನ್ಸಿನ ಬೋನ್ ಪಟ್ಟಣದಲ್ಲಿ ದ್ರಾಕ್ಷಿ ಕೊಯ್ಲಿನ ತಾರೀಕುಗಳು 1354ರಿಂದ ದಾಖಲಾಗಿವೆ. ವೈನ್ ಮಾಡುವವರ ಆ ಲೆಕ್ಕವನ್ನು 2019ರಲ್ಲಿ ಒಟ್ಟುಗೂಡಿಸಿದಾಗ, 1988ರಿಂದ ಈಚೆಗೆ ಕೊಯ್ಲು ಸರಾಸರಿ 13 ದಿನ ಮುಂಚೆ ನಡೆಯುತ್ತಿರುವುದು ಸ್ಪಷ್ಟವಾಯಿತು. ಬರೆದಿಟ್ಟವರು ಯಾರೂ ಹವಾಮಾನ ವಿಜ್ಞಾನಿಗಳಲ್ಲ. ಸಿಕಂದರಾಬಾದಿಗೂ ಇಂಥ ತಾಳ್ಮೆಯ ಪರಂಪರೆಯಿದೆ. ಬೇಗಂಪೇಟೆಯಲ್ಲಿ ಆಗಸ್ಟ್‌ನ ಸೆಕೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಒಂದೊಂದೇ ಸೊಳ್ಳೆಯನ್ನು ಸೀಳಿ ನೋಡುತ್ತಿದ್ದ ರೊನಾಲ್ಡ್ ರಾಸ್, ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡದ್ದು 1897ರ ಆಗಸ್ಟ್ 20ರಂದು, ಇದೇ ಊರಿನಲ್ಲಿ.

ಸರ್ಕಾರಿ ವೀಕ್ಷಣಾಲಯ ಅಳೆಯುವುದು ಬಯಲಿನ ಗಾಳಿಯನ್ನು. ಜನ ಮಲಗುವ ಕೋಣೆ, ಬೇಯಿಸುವ ಅಡುಗೆಮನೆ ಎಷ್ಟು ಬಿಸಿ ಎಂಬುದು ಅದಕ್ಕೆ ಕಾಣುವುದಿಲ್ಲ. ಆ ಕೊರತೆಯನ್ನು ನೋಟ್‌ಬುಕ್ಕುಗಳು ತುಂಬಬಲ್ಲವು. ಲಾಲಾಗುಡದ ಪಕ್ಕದ ತಾರ್ನಾಕದಲ್ಲೇ ರಾಷ್ಟ್ರೀಯ ಪೋಷಣಾ ಸಂಸ್ಥೆಯಿದೆ, ಉಸ್ಮಾನಿಯಾ ವಿಶ್ವವಿದ್ಯಾಲಯವಿದೆ. ಮನೆಗಳಿಂದ, ಇಡ್ಲಿ ಬಂಡಿಗಳಿಂದ ಈ ಲೆಕ್ಕ ಸಂಗ್ರಹಿಸಿ, ಬಡಾವಣೆಗೊಂದರಂತೆ ರಾತ್ರಿಯ ಬಿಸಿಯ ನಕ್ಷೆ ಮಾಡುವ ಕೆಲಸವನ್ನು ಅವು ಕೈಗೆತ್ತಿಕೊಳ್ಳಬೇಕು. ಕಲಬುರಗಿ, ರಾಯಚೂರು, ಬೀದರ್‌ಗಳಿಗೂ ಇದು ಬೇಕು. 1956ರವರೆಗೆ ಹೈದರಾಬಾದಿನ ಜೊತೆ ಒಂದೇ ರಾಜ್ಯದಲ್ಲಿದ್ದ ಈ ಜಿಲ್ಲೆಗಳು ಆಡಳಿತದಲ್ಲಿ ಬೇರೆಯಾದವು, ಬಿಸಿಲಿನಲ್ಲಿ ಬೇರೆಯಾಗಿಲ್ಲ.

ಇನ್ನು ಆಡಳಿತಗಳಿಗೆ ನಮ್ಮ ಒತ್ತಾಯ. ಮೊದಲನೆಯದು ರಾತ್ರಿಗೆ ಎಚ್ಚರಿಕೆ. ಹವಾಮಾನ ಇಲಾಖೆ ಬಿಸಿರಾತ್ರಿ ಎಂದು ಸಾರಲು ಎರಡು ಷರತ್ತಿಟ್ಟಿದೆ: ಹಗಲಿನ ಗರಿಷ್ಠ 40 ಡಿಗ್ರಿ ಮುಟ್ಟಿರಬೇಕು, ರಾತ್ರಿಯ ಕನಿಷ್ಠ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಹಗಲು 39 ಡಿಗ್ರಿ ಇದ್ದು ರಾತ್ರಿಯೆಲ್ಲ ಬೇಯಿಸಿದರೆ ಅದು ಎಚ್ಚರಿಕೆಯ ಪಟ್ಟಿಗೆ ಬರುವುದೇ ಇಲ್ಲ. ನಗರಗಳಿಗೆ ಈ ಅಳತೆ ಸಾಲದು. 2010ರ ಬಿಸಿಗಾಳಿಯಿಂದ ಪಾಠ ಕಲಿತು 2013ರಲ್ಲಿ ಅಹಮದಾಬಾದ್ ದೇಶಕ್ಕೇ ಮೊದಲಾಗಿ ಬಿಸಿ ನಿರ್ವಹಣೆಯ ಯೋಜನೆ ಮಾಡಿತು. ಸಿಕಂದರಾಬಾದ್ ವಾರ್ಡು ವಾರ್ಡಿಗೂ ರಾತ್ರಿಯನ್ನು ಲೆಕ್ಕಕ್ಕೆ ಹಿಡಿದ ಯೋಜನೆ ಮಾಡಲಿ. ಬಿಸಿ ಹೆಚ್ಚಿದ ರಾತ್ರಿಗಳಲ್ಲಿ ಸಮುದಾಯ ಭವನಗಳು, ಶಾಲೆಗಳು ಮಲಗಲು ತೆರೆದಿರಲಿ. ಹಗಲಿನ ಅರವಟ್ಟಿಗೆಗಳು ಕತ್ತಲಾದ ಮೇಲೂ ನಡೆಯಲಿ.

ಎರಡನೆಯದು ಸೂರು. ತೆಲಂಗಾಣ 2023ರಲ್ಲಿ ತಂಪು ಸೂರಿನ ನೀತಿ ತಂದಿತು. ಬಿಸಿಲನ್ನು ಮರಳಿ ಎಸೆಯುವ ಬಿಳಿ ಬಣ್ಣ, ಹೆಂಚು, ಹಾಳೆಗಳನ್ನು 2028-29ರ ಹೊತ್ತಿಗೆ ಹೈದರಾಬಾದಿನಲ್ಲಿ 200 ಚದರ ಕಿಲೋಮೀಟರ್ ಸೂರಿಗೆ ಹಾಸುವುದು ಅದರ ಗುರಿ. 600 ಚದರ ಗಜಕ್ಕಿಂತ ಸಣ್ಣ ನಿವೇಶನದ ಮನೆಗಳಿಗೆ ಅದು ಐಚ್ಛಿಕ. ಬಡವರೆಲ್ಲ ಇರುವುದು ಆ ಸಣ್ಣ ಮನೆಗಳಲ್ಲೇ. ಬಣ್ಣದ ಖರ್ಚನ್ನು ಸರ್ಕಾರವೇ ಹೊತ್ತು, ಬಸ್ತಿಗಳ ತಗಡು, ಕಾಂಕ್ರೀಟ್ ಸೂರುಗಳಿಂದಲೇ ಕೆಲಸ ಶುರು ಮಾಡಲಿ.

ಮೂರನೆಯದು ಮರ. ಸಂಜೆ ಬೇಗ ತಣಿಯುವುದು ಹಸಿರು ನೆಲ, ತಡವಾಗಿ ತಣಿಯುವುದು ಕಾಂಕ್ರೀಟು. 2025ರ ಏಪ್ರಿಲ್‌ನಲ್ಲಿ ಹೈದರಾಬಾದಿನ ಕಂಚ ಗಚ್ಚಿಬೌಲಿಯ 400 ಎಕರೆಯಲ್ಲಿ ಮರ ಕಡಿಯುವುದನ್ನು ಸುಪ್ರೀಂ ಕೋರ್ಟೇ ಬಂದು ತಡೆಯಬೇಕಾಯಿತು. ಸಿಕಂದರಾಬಾದಿನ ದಂಡು ಪ್ರದೇಶದಲ್ಲಿ, ಬೋಯಿನ್‌ಪಲ್ಲಿ, ತಿರುಮಲಗಿರಿಗಳಲ್ಲಿ ಇನ್ನೂ ಹಳೆಯ ಮರಗಳ ಸಾಲುಗಳಿವೆ. ರಸ್ತೆ ಅಗಲಗೊಳಿಸುವ, ಮೇಲ್ಸೇತುವೆ ಕಟ್ಟುವ ಪ್ರತಿ ಯೋಜನೆಯೂ ಆ ಮರ ಹೋದರೆ ಸುತ್ತಲಿನ ಮನೆಗಳ ರಾತ್ರಿ ಎಷ್ಟು ಬಿಸಿಯಾಗುತ್ತದೆಂಬ ಲೆಕ್ಕವನ್ನು ಜನರ ಮುಂದಿಟ್ಟ ಮೇಲೆಯೇ ಮುಂದುವರಿಯಲಿ.

ಇಷ್ಟೆಲ್ಲಕ್ಕೂ ಸಮಯ ಮಿತವಾಗಿದೆ. ಜಗತ್ತಿನ ಸರಾಸರಿ ಉಷ್ಣಾಂಶ 2024ರಲ್ಲಿ ಕೈಗಾರಿಕಾ ಯುಗಕ್ಕೆ ಮೊದಲಿದ್ದುದಕ್ಕಿಂತ 1.5 ಡಿಗ್ರಿ ದಾಟಿತೆಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. ಜಗತ್ತಿನ ಬಿಸಿಯನ್ನು ಒಂದು ಊರು ಇಳಿಸಲಾರದು. ಆದರೆ ಊರೇ ತನ್ನ ಮೇಲೆ ಹೇರಿಕೊಂಡ ಬಿಸಿಯನ್ನು, ಕರಿಸೂರು, ಕಡಿದ ಮರ, ಮುಚ್ಚಿದ ಕೆರೆ, ಲೆಕ್ಕವಿಲ್ಲದ ಏಸಿಗಳಿಂದ ಬಂದದ್ದನ್ನು, ಊರೇ ಇಳಿಸಬಹುದು. ಬೇಸಿಗೆ ಬಂದ ಮೇಲೆ ಬಣ್ಣ ಬಳಿದು, ಜೂನ್‌ನಲ್ಲಿ ಸಸಿ ನೆಟ್ಟು ಫೋಟೋ ತೆಗೆಸಿಕೊಂಡರೆ ಸಾಲದು. ಮಳೆಗಾಲದಲ್ಲೇ ಮರ, ಡಿಸೆಂಬರ್ ಒಳಗೆ ರಾತ್ರಿಯ ಬಿಸಿಯ ನಕ್ಷೆ, ಫೆಬ್ರವರಿ ಕೊನೆಗೆ ಬಸ್ತಿಗಳಿಗೆ ತಂಪು ಸೂರು, ಮಾರ್ಚ್ 1ಕ್ಕೆ ರಾತ್ರಿ ಎಚ್ಚರಿಕೆಯ ವ್ಯವಸ್ಥೆ ಸಿದ್ಧವಾಗಬೇಕು. ನಗರಪಾಲಿಕೆ, ದಂಡು ಮಂಡಳಿ, ರಾಜ್ಯ ಸರ್ಕಾರ ಮೂರೂ ಈ ತಾರೀಕುಗಳನ್ನು ಒಪ್ಪಿಕೊಂಡು ಪ್ರಕಟಿಸಲಿ. ತಪ್ಪಿದರೆ ಹೆಸರು ಹಿಡಿದು ಕೇಳುವ ಹಕ್ಕು ನಮ್ಮದು, ಕೇಳುವ ಹೊಣೆಯೂ ನಮ್ಮದೇ.